ಭಾವನ ಗದ್ದೆ ಯಾವ ವಿಭಾಗಕ್ಕೆ ಸೇರಿದ್ದು? ಕುಲಪತಿಗಳಿಗೊಂದು ಬಹಿರಂಗ ಪತ್ರ

ಮೈಸೂರು, ಮಂಡ್ಯ ಸೀಮೆಯ ವಿಶ್ವವಿದ್ಯಾನಿಲಯಗಳ ಮಾನ್ಯ ಕುಲಪತಿಗಳಿಗೆ, ಕುಲಸಚಿವರಿಗೆ ಮತ್ತು ಅಧ್ಯಯನ ಮಂಡಳಿಗಳ ಸದಸ್ಯರಿಗೆ,

ನಮಸ್ಕಾರ.

ನಾನು ಮಂಡ್ಯ ಜಿಲ್ಲೆಯ ಪದವಿಪೂರ್ವ ಕಾಲೇಜುಗಳಲ್ಲಿ ಮೂವತ್ತೊಂದು ವರ್ಷ ರಸಾಯನಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು. ನನಗೆ ಪಿಎಚ್.ಡಿ. ಇಲ್ಲ. ಸಿಂಡಿಕೇಟಿನ ಒಳಸುಳಿಗಳು ತಿಳಿಯವು, ತಿಳಿದುಕೊಳ್ಳುವ ಆಸೆಯೂ ಇಲ್ಲ. ನಿಮ್ಮ ತರಗತಿಗಳಿಗೆ ಮಕ್ಕಳನ್ನು ಹದಮಾಡಿ ಕಳುಹಿಸಿದವನು ಎಂಬ ಒಂದೇ ಸಲಿಗೆಯಿಂದ ಬರೆಯುತ್ತಿದ್ದೇನೆ. ಇದನ್ನು ಮುಚ್ಚಿದ ಲಕೋಟೆಯಲ್ಲಿಯೂ ಕಳುಹಿಸಬಹುದಿತ್ತು. ಹಾಗೆ ಕಳುಹಿಸಿದ ಎರಡು ಪತ್ರಗಳಿಗೆ ಟಪಾಲು ಶಾಖೆಯ ಮುದ್ರೆ ಬಿದ್ದ ಸ್ವೀಕೃತಿಯ ಹೊರತು ಬೇರೇನೂ ಬರಲಿಲ್ಲ. ಆದ್ದರಿಂದ ಮೂರನೆಯದನ್ನು ಎಲ್ಲರ ಎದುರಿಗೆ ಇಡುತ್ತಿದ್ದೇನೆ.

ಯಾವ ವಿಶ್ವವಿದ್ಯಾನಿಲಯ, ಯಾವ ವಿಭಾಗ ಎಂದು ಹೆಸರಿಸುವುದಿಲ್ಲ. ಯಾರೋ ಒಬ್ಬ ಅಧ್ಯಾಪಕರನ್ನೋ ಗುಮಾಸ್ತರನ್ನೋ ಕಟಕಟೆಗೆ ಹತ್ತಿಸುವುದು ನನ್ನ ಉದ್ದೇಶವಲ್ಲ. ನಮ್ಮ ಸೀಮೆಯಲ್ಲಿ ಈಗ ಒಂದಕ್ಕಿಂತ ಹೆಚ್ಚು ವಿಶ್ವವಿದ್ಯಾನಿಲಯಗಳಿವೆ. ಕುಂಬಳಕಾಯಿ ಕಳ್ಳ ಎಂದಾಗ ಯಾರಾದರೂ ಹೆಗಲು ಮುಟ್ಟಿ ನೋಡಿಕೊಂಡರೆ ಅದು ಅವರಿಗೆ ಬಿಟ್ಟದ್ದು.

ನನ್ನ ಅಕ್ಕನ ಮಗಳು ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡಿದಳು. ಅವರದು ಮದ್ದೂರು ತಾಲ್ಲೂಕಿನ ಒಂದು ಹಳ್ಳಿ. ಏಳು ವರ್ಷ ಕೆರೆ ಏರಿಯ ಮೇಲೆಯೇ ಶಾಲೆಗೆ ನಡೆದವಳಾದ್ದರಿಂದ ಅವಳಿಗೆ ಕೆರೆಗಳ ಹುಚ್ಚು. ಹೂಳು ಎಷ್ಟು ಕಾಲದಿಂದ ತುಂಬುತ್ತ ಬಂದಿದೆ, ಏರಿಗೆ ಮಣ್ಣನ್ನು ಎಲ್ಲಿಂದ ಹೊತ್ತು ತಂದರು, ತೂಬನ್ನು ಆ ಜಾಗದಲ್ಲಿಯೇ ಏಕೆ ಇಟ್ಟರು, ಇಂಥವು ಅವಳ ಪ್ರಶ್ನೆಗಳು. ಕೆರೆ ಕಟ್ಟಿಸಿದವರ, ಅದರ ಕೆಳಗಿನ ಭೂಮಿಯನ್ನು ದತ್ತಿ ಬಿಟ್ಟವರ ಸಂಗತಿ ಶಾಸನಗಳಲ್ಲಿ ಸಿಗುತ್ತದೆ ಎಂದು ಗೊತ್ತಾದ ಮೇಲೆ ಶಾಸನ ಓದಲು ಕಲಿಯಬೇಕೆಂದು ಹಟ ಹಿಡಿದಳು. ಅದೃಷ್ಟಕ್ಕೆ ಸ್ನಾತಕೋತ್ತರ ತರಗತಿಯಲ್ಲಿ ಬೇರೆ ವಿಭಾಗದ ಒಂದು ವಿಷಯವನ್ನು ಆಯ್ದುಕೊಳ್ಳುವ ಅವಕಾಶವಿದೆ. ಮುಕ್ತ ಆಯ್ಕೆ ಎಂದು ನೀವು ಬರೆಯುತ್ತೀರಿ, ಓಪನ್ ಎಲೆಕ್ಟಿವ್ ಎಂದು ಮಕ್ಕಳು ಕರೆಯುತ್ತಾರೆ. ಸೂಚನಾ ಫಲಕದಲ್ಲಿ ಅಂಟಿಸಿದ್ದ ಪಟ್ಟಿಯಲ್ಲಿ ಶಾಸನಗಳ ಒಂದು ಪರಿಚಯ ಕೋರ್ಸು ಇತ್ತು. ಅವಳು ಕುಣಿದುಕೊಂಡು ಆ ವಿಭಾಗಕ್ಕೆ ಹೋದಳು.

"ಅದು ಪಟ್ಟಿಯಲ್ಲಿ ಇದೆಯಮ್ಮ, ನಡೆಯುವುದಿಲ್ಲ" ಎಂದರು ಕಚೇರಿಯವರು.

ಈ ಒಂದು ಮಾತಿಗಾಗಿಯೇ ನಾನು ಪತ್ರ ಬರೆಯಲು ಕುಳಿತದ್ದು ಎಂದರೂ ಆದೀತು. ವಿಷಯ ಹೇಳಿಕೊಡುತ್ತಿದ್ದ ಪ್ರಾಧ್ಯಾಪಕರು ನಿವೃತ್ತರಾಗಿ ಮೂರು ವರ್ಷವಾಗಿತ್ತು. ಹುದ್ದೆ ತುಂಬಿರಲಿಲ್ಲ. ಇದ್ದ ಅತಿಥಿ ಉಪನ್ಯಾಸಕರಿಗೆ ಕಡ್ಡಾಯ ವಿಷಯಗಳನ್ನು ಮುಗಿಸುವುದರಲ್ಲಿಯೇ ಉಸಿರು ಕಟ್ಟುತ್ತಿತ್ತು. ಆದರೂ ಪಟ್ಟಿ ಮಾತ್ರ ವರ್ಷ ವರ್ಷ ಹಾಗೆಯೇ ಅಚ್ಚಾಗುತ್ತಿತ್ತು, ಸತ್ತವರ ಹೆಸರು ಪಡಿತರ ಚೀಟಿಯಲ್ಲಿ ಉಳಿದುಕೊಳ್ಳುವ ಹಾಗೆ. ಎರಡನೆಯ ಆಯ್ಕೆಗೆ ಹೋದರೆ ಅದರ ತರಗತಿಯೂ ಇವಳ ಪ್ರಯೋಗಾಲಯವೂ ಒಂದೇ ಹೊತ್ತಿಗೆ. ಕೊನೆಗೆ ಎಲ್ಲರೂ ಸೇರುವ, ಅಂಕ ಸುಲಭವಾಗಿ ಬೀಳುತ್ತದೆ ಎಂದು ಹೆಸರಾದ ಒಂದು ವಿಷಯಕ್ಕೆ ಸೇರಿದಳು. ಅಂಕ ಚೆನ್ನಾಗಿಯೇ ಬಂತು. ಏನು ಕಲಿತೆ ಎಂದು ಕೇಳಿದರೆ ನಕ್ಕುಬಿಟ್ಟಳು.

ಕಥೆ ಅಲ್ಲಿಗೆ ಮುಗಿದಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಅವಳ ಪ್ರಾಜೆಕ್ಟ್ ವರದಿ ಸಲ್ಲಿಕೆಯಾಗಿ ತಿಂಗಳು ಕಳೆದ ಮೇಲೆ, ಒಂದು ರಾತ್ರಿ ಪಿಎಚ್.ಡಿ. ಪ್ರಬಂಧಗಳ ಅಂತರ್ಜಾಲ ಭಂಡಾರವಾದ ಶೋಧಗಂಗಾದಲ್ಲಿ ಏನನ್ನೋ ಹುಡುಕುತ್ತಿದ್ದಾಗ, ನಮ್ಮ ಜಿಲ್ಲೆಯ ಶಾಸನಗಳಲ್ಲಿ ಬರುವ ಕೆರೆಗಳನ್ನು ಕುರಿತೇ ಬರೆದ ಒಂದು ಮಹಾಪ್ರಬಂಧ ಸಿಕ್ಕಿತು. ಅವಳು ಓದಿದ ವಿಶ್ವವಿದ್ಯಾನಿಲಯದಲ್ಲಿಯೇ ಸಲ್ಲಿಕೆಯಾದದ್ದು. ಅವಳ ವಿಭಾಗದಿಂದ ನಡೆದರೆ ಐದು ನಿಮಿಷದ ದಾರಿಯ ಇನ್ನೊಂದು ವಿಭಾಗದ್ದು. ಮಾರ್ಗದರ್ಶಕರು ಇನ್ನೂ ಸೇವೆಯಲ್ಲಿದ್ದಾರೆ. "ಅವರೂ ಅದೇ ಕ್ಯಾಂಟೀನಿನಲ್ಲಿ ಕಾಫಿ ಕುಡಿಯುತ್ತಾರೆ ಮಾವ, ಎರಡು ವರ್ಷ ಎದುರುಬದುರು ಕುಳಿತಿದ್ದೇವೆ" ಎಂದಳು. ಅವಳ ಅಧ್ಯಾಪಕರಿಗೆ ಆ ಪ್ರಬಂಧದ ವಿಚಾರ ತಿಳಿದಿರಲಿಲ್ಲ. ಅದನ್ನು ಬರೆದವರಿಗೆ ಹೂಳಿನ ಪದರಗಳನ್ನು ಅಳೆಯುವ ಹುಡುಗಿಯೊಬ್ಬಳು ಪಕ್ಕದ ಕಟ್ಟಡದಲ್ಲಿ ಇದ್ದಾಳೆಂದು ಹೇಳುವವರು ಇರಲಿಲ್ಲ.

ಇಲ್ಲಿ ಒಂದು ಕಲ್ಲಿನ ಕಥೆ ಹೇಳಲು ಅಪ್ಪಣೆ ಕೊಡಿ. ನಮ್ಮ ಮದ್ದೂರು ತಾಲ್ಲೂಕಿನದೇ ಆತಕೂರು. ಅಲ್ಲಿ ದೊರೆತ ಕ್ರಿ.ಶ. 949–50ರ ಶಾಸನ ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗರ ಬೂತುಗ, ರಾಷ್ಟ್ರಕೂಟರ ಮೂರನೆಯ ಕೃಷ್ಣನ ಪಕ್ಷದಲ್ಲಿ ತಕ್ಕೋಲದ ಯುದ್ಧದಲ್ಲಿ ಚೋಳರ ವಿರುದ್ಧ ಹೋರಾಡಿದ. ಅವನ ವೀರ ಮಣಲೆರ. ಬಹುಮಾನ ಕೇಳು ಎಂದಾಗ ಈ ಮಣಲೆರ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ದೊರೆಯ ಬೇಟೆನಾಯಿ ಕಾಳಿಯನ್ನು ಕೇಳಿ ಪಡೆದ. ಕಾಳಿ ಮುಂದೆ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಎರಡೂ ಹೋರಾಡಿ ಸತ್ತವು. ಆ ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಊರಿನ ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಭೂಮಿಯನ್ನು ಬಿಟ್ಟರು. ಆ ಕಲ್ಲಿಗೆ ಪೂಜೆ ಮಾಡದೆ ಉಂಡ ಗೊರವನಿಗೆ, ಅಂದರೆ ಶೈವ ಪೂಜಾರಿಗೆ, ನಾಯಿಯ ಪಾಪ ತಟ್ಟುತ್ತದೆ ಎಂಬ ಶಾಪವೂ ಅದರಲ್ಲಿದೆ. ದತ್ತಿಯನ್ನು ಉಂಡು ಕೆಲಸ ಮಾಡದವರಿಗೆ ಸಾವಿರ ವರ್ಷದ ಹಿಂದೆಯೇ ನಮ್ಮವರು ನಿಯಮಾವಳಿ ಬರೆದಿಟ್ಟಿದ್ದರು. ಇದನ್ನು ಯಾರನ್ನೂ ಉದ್ದೇಶಿಸಿ ಹೇಳುತ್ತಿಲ್ಲ.

ಈಗ ಹೇಳಿ, ಆ ಕಲ್ಲು ಯಾವ ವಿಭಾಗಕ್ಕೆ ಸೇರಿದ್ದು? ಯುದ್ಧದ ವಿಚಾರ ಇತಿಹಾಸದವರಿಗೆ ಬೇಕು. ಹಳಗನ್ನಡದ ಆ ಗದ್ಯ ಕನ್ನಡದವರಿಗೆ ಬೇಕು. ಹತ್ತನೆಯ ಶತಮಾನದ ನಡುವಿನಲ್ಲಿಯೇ ಅಲ್ಲಿ ಹಿರಿಯ ಕೆರೆ ಎನ್ನಿಸಿಕೊಳ್ಳುವಂಥದು ಇತ್ತು ಎಂಬ ಸುದ್ದಿ ನನ್ನ ಸೊಸೆಗೆ, ಅಂದರೆ ಭೂವಿಜ್ಞಾನಕ್ಕೆ, ಬೇಕು. ಖಂಡುಗದ ಅಳತೆ ಅರ್ಥಶಾಸ್ತ್ರದವರಿಗೆ ಬೇಕು. ಬೇಟೆನಾಯಿಯ ಮಾತು ಬಂದರೆ ಪ್ರಾಣಿಶಾಸ್ತ್ರದವರೂ ಕಿವಿ ನಿಮಿರಿಸಬಹುದು. ಕಲ್ಲು ಕೆತ್ತಿದವನಿಗೆ ಇಷ್ಟೊಂದು ವಿಭಾಗಗಳಿವೆ ಎಂದು ಗೊತ್ತಿರಲಿಲ್ಲ, ಎಲ್ಲವನ್ನೂ ಒಂದೇ ಕಡೆ ಕೆತ್ತಿಬಿಟ್ಟ.

ಶಾಸನ ಹಳೆಯ ಮಾತಾಯಿತು ಎನ್ನುವವರಿಗೆ ಭಾವನ ಗದ್ದೆಯ ವಿಚಾರ ಹೇಳುತ್ತೇನೆ. ಭಾವ ಎಂದರೆ ಆ ಹುಡುಗಿಯ ತಂದೆ. ವಿಶ್ವೇಶ್ವರಯ್ಯ ನಾಲೆಯ ನೀರು ಕುಡಿಯುವ ಎರಡೂವರೆ ಎಕರೆ ಅವರದು. ಅದರಲ್ಲಿ ತಗ್ಗಿನ ಮುಕ್ಕಾಲು ಎಕರೆ ಜವುಗು ಹಿಡಿದು ಚೌಳಾಗಿದೆ. ಬೇಸಿಗೆಯಲ್ಲಿ ನೆಲದ ಮೇಲೆ ಬೂದಿ ಚೆಲ್ಲಿದಂತೆ ಬಿಳಿಯ ಪುಡಿ ಏಳುತ್ತದೆ. ನಾಟಿ ಮಾಡಿದ ಬತ್ತ ಅಲ್ಲಲ್ಲಿ ಸುಟ್ಟಂತೆ ಒಣಗುತ್ತದೆ. ರಸಾಯನಶಾಸ್ತ್ರ ಓದಿದ ಭಾವಮೈದುನ ಇದ್ದಾನಲ್ಲ ಎಂದು ನನ್ನನ್ನು ಕೇಳಿದರು. ನನಗೆ ತಿಳಿದದ್ದನ್ನು ಹೇಳಿದೆ. ಚೌಳು ಎಂದು ನಾವು ಒಂದೇ ಹೆಸರಿನಿಂದ ಕರೆಯುವುದರಲ್ಲಿ ಎರಡು ಬಗೆ ಇದೆ. ಬರಿಯ ಲವಣ ಹೆಚ್ಚಾಗಿದ್ದರೆ ಒಳ್ಳೆಯ ನೀರು ನಿಲ್ಲಿಸಿ, ಬಸಿಯಲು ದಾರಿ ಮಾಡಿದರೆ ತೊಳೆದು ಹೋಗುತ್ತದೆ. ಸೋಡಿಯಂ ಜೇಡಿಯ ಕಣಗಳಿಗೆ ಕಚ್ಚಿಕೊಂಡಿದ್ದರೆ ನೀರಿಗೆ ಅದು ಬಗ್ಗುವುದಿಲ್ಲ, ಜಿಪ್ಸಂ ಹಾಕಬೇಕು. ಜಿಪ್ಸಂನ ಕ್ಯಾಲ್ಸಿಯಂ ಸೋಡಿಯಂ ಅನ್ನು ಅಲ್ಲಿಂದ ಎಬ್ಬಿಸಿ ತಾನು ಕೂರುತ್ತದೆ. ಎದ್ದ ಸೋಡಿಯಂ ಹೊರಗೆ ಹರಿದು ಹೋಗಲು ಬಸಿಗಾಲುವೆ ಇಲ್ಲದಿದ್ದರೆ ಜಿಪ್ಸಂಗೆ ಸುರಿದ ಹಣವೂ ಗದ್ದೆಯಲ್ಲಿಯೇ ಕೊಳೆಯುತ್ತದೆ. ಯಾವ ಬಗೆ ಎಂದು ಕಣ್ಣಿನಿಂದ ನೋಡಿ ಹೇಳಲಾಗದು.

ಮಣ್ಣು ಪರೀಕ್ಷೆ ಮಾಡಿಸಿದೆವು. ಕ್ಷಾರವೂ ಇದೆ, ಜವುಗೂ ಇದೆ, ಜಿಪ್ಸಂ ಹಾಕಿ ಬಸಿಗಾಲುವೆ ತೆಗೆಯಿರಿ ಎಂಬ ಸಲಹೆ ಬಂತು. ಸರಿಯಾದ ಸಲಹೆಯೇ. ಭಾವ ಚೀಟಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡು, "ಕಾಲುವೆ ಎಲ್ಲಿಂದ ತೆಗೆಯಲಿ? ಕೆಳಗಿನ ಗದ್ದೆಯವನು ನಮ್ಮ ದಾಯಾದಿ. ಹತ್ತು ವರ್ಷದಿಂದ ಮಾತಿಲ್ಲ" ಎಂದರು.

ಇದಕ್ಕೆ ರಸಾಯನಶಾಸ್ತ್ರದಲ್ಲಿ ಉತ್ತರವಿಲ್ಲ. ಪಕ್ಕದವನ ಭೂಮಿಯ ಮೂಲಕ ನೀರು ಬಸಿಯುವ ಹಕ್ಕು ಕಾನೂನಿನವರ ವಿಷಯ. ದಾಯಾದಿ ಮತ್ಸರ ಸಮಾಜಶಾಸ್ತ್ರದವರದು. ನಾಲೆಯ ಜಿನುಗು ಎಂಜಿನಿಯರಿಂಗ್‌ನವರದು. ನೀರು ಇದ್ದಾಗಲೆಲ್ಲ ಬತ್ತವನ್ನೇ ನೆಡುವುದು ಏಕೆ, ಬೇರೆ ಬೆಳೆಗೆ ಬೆಲೆ ಸಿಗುತ್ತದೆಯೇ ಎಂಬುದು ಅರ್ಥಶಾಸ್ತ್ರದವರದು. ಮಣ್ಣಿನ ಪರೀಕ್ಷೆಯಂತೂ ಕೃಷಿಯವರದೇ. ಭಾವನಿಗೆ ಇರುವುದು ಒಂದು ಗದ್ದೆ. ಅದರ ತೊಂದರೆ ಐದು ವಿಭಾಗಗಳಲ್ಲಿ ಹಂಚಿಹೋಗಿದೆ, ಆ ಐವರು ಒಂದು ಮೇಜಿನ ಸುತ್ತ ಕುಳಿತ ನಿದರ್ಶನ ನನ್ನ ಕಣ್ಣಿಗೆ ಬಿದ್ದಿಲ್ಲ.

ಸಂಶೋಧನೆ ಊರಿಗೆ ಬರುವುದೇ ಇಲ್ಲ ಎಂದು ನಾನು ಹೇಳಲಾರೆ. ಧಾರಾಳವಾಗಿ ಬರುತ್ತದೆ, ಪ್ರಶ್ನಾವಳಿಯ ರೂಪದಲ್ಲಿ. ಭಾವನ ಹಳ್ಳಿ ಹೆದ್ದಾರಿಗೆ ಹತ್ತಿರ, ಬಸ್ಸಿನ ಸೌಕರ್ಯ ಚೆನ್ನಾಗಿದೆ. ಅದರಿಂದಲೋ ಏನೋ ಸಂಶೋಧಕರಿಗೆ ಆ ಊರೆಂದರೆ ಪ್ರೀತಿ. ಸ್ತ್ರೀಶಕ್ತಿ ಸಂಘಗಳ ಬಗ್ಗೆ ಬಂದರು, ಕಬ್ಬಿನ ಬಾಕಿ ಹಣದ ಬಗ್ಗೆ ಬಂದರು, ಮೊಬೈಲ್ ಬಳಕೆಯ ಬಗ್ಗೆ ಬಂದರು, ರೈತರ ಆತ್ಮಹತ್ಯೆಯ ಬಗ್ಗೆ ಬಂದಾಗ ಅಕ್ಕ ಕಾಫಿ ಕೊಡಲು ಹಿಂಜರಿದಳಂತೆ. ಎಲ್ಲರೂ ವಿನಯವಂತ ಮಕ್ಕಳೇ. ನಲವತ್ತು ಪ್ರಶ್ನೆ ಕೇಳಿ, ಸಹಿ ಹಾಕಿಸಿಕೊಂಡು, ಒಂದು ಫೋಟೊ ತೆಗೆದುಕೊಂಡು ಹೋಗುತ್ತಾರೆ. ಪ್ರಶ್ನೆ ಹಿಡಿದು ಬಂದವರಿಗೆ ಲೆಕ್ಕವಿಲ್ಲ, ಉತ್ತರ ಹಿಡಿದು ಮರಳಿ ಬಂದವರು ಈವರೆಗೆ ಯಾರೂ ಇಲ್ಲ. "ಮಂಡ್ಯ ಜಿಲ್ಲೆಯನ್ನು ವಿಶೇಷವಾಗಿ ಅನುಲಕ್ಷಿಸಿ" ಎಂದು ಕೊನೆಯಾಗುವ ಪ್ರಬಂಧಗಳ ಶೀರ್ಷಿಕೆ ನೋಡಿದಾಗಲೆಲ್ಲ, ಇಷ್ಟೊಂದು ಅನುಲಕ್ಷಿಸಲ್ಪಟ್ಟ ಜಿಲ್ಲೆಗೆ ಅದರ ಅರಿವೇ ಇಲ್ಲವಲ್ಲ ಎಂದು ನಗು ಬರುತ್ತದೆ.

ಇದು ಇಂದಿನ ರೋಗವೂ ಅಲ್ಲ. 1950ರ ದಶಕದ ನಡುಭಾಗದಲ್ಲಿ ಮ್ಯಾಂಚೆಸ್ಟರ್‌ನಲ್ಲಿ ತರಬೇತಾದ ಟಿ. ಸ್ಕಾರ್ಲೆಟ್ ಎಪ್‌ಸ್ಟೀನ್ ಎಂಬ ಸಂಶೋಧಕಿ ಮಂಡ್ಯ ಸೀಮೆಯ ಎರಡು ಹಳ್ಳಿಗಳಲ್ಲಿ ನೆಲೆಸಿ ಅಧ್ಯಯನ ಮಾಡಿದರು. ಒಂದಕ್ಕೆ ನಾಲೆಯ ನೀರು ಬಂದಿತ್ತು, ಇನ್ನೊಂದು ಒಣಭೂಮಿಯಾಗಿಯೇ ಉಳಿದಿತ್ತು. 1962ರಲ್ಲಿ ಅಚ್ಚಾದ ಅವರ ತೀರ್ಮಾನ ಕುತೂಹಲದ್ದು. ನೀರು ಬಂದ ಊರಿನಲ್ಲಿ ಹಣ ಹೆಚ್ಚಿತು, ಆದರೆ ಒಕ್ಕಲು ಮತ್ತು ಆಳಿನ ಹಳೆಯ ಸಂಬಂಧ ಹೆಚ್ಚುಕಡಿಮೆ ಹಾಗೆಯೇ ಉಳಿಯಿತು. ನೀರಿಲ್ಲದ ಊರಿನವರು ಸಂಪಾದನೆಗೆ ಊರಾಚೆಗೆ ಹೊರಟರು, ಅವರ ಸಮಾಜವೇ ಹೆಚ್ಚು ಬದಲಾಯಿತು. ನಮ್ಮ ಜಿಲ್ಲೆಯನ್ನು ಕುರಿತು ಇಷ್ಟು ಹರಿತವಾದ ಮಾತನ್ನು ನಾನು ನಲವತ್ತು ದಾಟಿದ ಮೇಲೆ, ಅದೂ ಇಂಗ್ಲಿಷಿನಲ್ಲಿ, ಗೆಳೆಯನ ಮನೆಯ ಕಪಾಟಿನಿಂದ ಎತ್ತಿಕೊಂಡು ಓದಿದೆ. ಮೈಸೂರಿನವರೇ ಆದ, ಮಹಾರಾಜ ಕಾಲೇಜಿನಲ್ಲಿ ಓದಿದ ಎಂ.ಎನ್. ಶ್ರೀನಿವಾಸರು 1948ರಲ್ಲಿ ಮೈಸೂರಿನ ಬಳಿಯ ಹಳ್ಳಿಯೊಂದರಲ್ಲಿ ಇದ್ದು ಮಾಡಿದ ಕ್ಷೇತ್ರಕಾರ್ಯವನ್ನು ಜಗತ್ತಿನ ಸಮಾಜಶಾಸ್ತ್ರವೆಲ್ಲ ಓದಿತು. ಅವರು ರಾಂಪುರ ಎಂದು ಬೇರೆ ಹೆಸರಿಟ್ಟು ಬರೆದ ಆ ಊರಿನ ಮೊಮ್ಮಕ್ಕಳಿಗೆ ತಮ್ಮ ಅಜ್ಜಂದಿರು ವಿಶ್ವವಿಖ್ಯಾತರು ಎಂದು ಹೇಳಿದವರಾರು?

ಹಿಂದಿನವರೆಲ್ಲ ದೊಡ್ಡವರು, ಈಗಿನವರೆಲ್ಲ ಸಣ್ಣವರು ಎಂಬ ಹಾಡು ನನಗೂ ಬೇಸರ. ಆದರೆ ಎರಡು ಸಂಗತಿ ನೆನಪಿಸದೆ ಇರಲಾರೆ. 1916ರ ಜುಲೈ 27ರಂದು ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರು ವಿಶ್ವವಿದ್ಯಾನಿಲಯವನ್ನು ಸ್ಥಾಪಿಸಿದಾಗ ಬ್ರಿಟಿಷ್ ಆಡಳಿತದ ಹೊರಗೆ ಅಂಥದ್ದು ದೇಶದಲ್ಲಿಯೇ ಮೊದಲು. ಆ ಕಾಲದ ಅಧ್ಯಾಪಕರು ತಮ್ಮ ವಿಭಾಗದ ಹೊಸ್ತಿಲನ್ನು ಲಕ್ಷ್ಮಣರೇಖೆ ಎಂದುಕೊಂಡಿರಲಿಲ್ಲ. ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ಹೇಳಿಕೊಡುತ್ತಿದ್ದ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲಿಯೇ ಒಂದು ಬಾನುಲಿ ಕೇಂದ್ರ ಹೂಡಿದರು. ಅದಕ್ಕೆ ಇಟ್ಟ ಆಕಾಶವಾಣಿ ಎಂಬ ಹೆಸರು ಮುಂದೆ ಇಡೀ ದೇಶದ ಬಾನುಲಿಗೇ ಹೆಸರಾಯಿತು. ಮನಃಶಾಸ್ತ್ರದವರಿಗೆ ರೇಡಿಯೊ ಏಕೆ, ಅದು ಭೌತವಿಜ್ಞಾನದವರ ಕೆಲಸ ಎಂದು ಯಾವ ಅಧ್ಯಯನ ಮಂಡಳಿಯೂ ತಡೆಯಲಿಲ್ಲ.

ಎರಡನೆಯದು ನಮ್ಮ ತಂದೆಯ ಟ್ರಂಕಿನಲ್ಲಿದ್ದ ಸಣ್ಣ ಪುಸ್ತಕಗಳು. ಮೈಸೂರು ವಿಶ್ವವಿದ್ಯಾನಿಲಯ 1930ರ ದಶಕದಲ್ಲಿಯೇ ಪ್ರಚಾರೋಪನ್ಯಾಸ ಮಾಲೆ ನಡೆಸುತ್ತಿತ್ತು. ಅಧ್ಯಾಪಕರು ಊರೂರಿಗೆ ಹೋಗಿ ತಮ್ಮ ವಿಷಯವನ್ನು ಕನ್ನಡದಲ್ಲಿ ಹೇಳುವುದು, ಹೇಳಿದ್ದನ್ನು ಅಂಗೈಯಗಲದ ಪುಸ್ತಕವಾಗಿ ಅಚ್ಚು ಹಾಕುವುದು. ತಂದೆ ಓದಿದ್ದು ಲೋಯರ್ ಸೆಕೆಂಡರಿ. ಅವರ ಕೈಗೆ ಖಗೋಳದ, ರೋಗಾಣುವಿನ, ನಾಣ್ಯದ ವಿಚಾರಗಳು ಬಂದದ್ದು ಆ ಪುಸ್ತಕಗಳಿಂದ. ಕುವೆಂಪು ಅವರು 1956ರಿಂದ 1960ರವರೆಗೆ ಕುಲಪತಿಗಳಾಗಿದ್ದಾಗ ಹೊಸ ಸ್ನಾತಕೋತ್ತರ ಆವರಣಕ್ಕೆ ಮಾನಸಗಂಗೋತ್ರಿ ಎಂದು ಹೆಸರಿಟ್ಟರು. ಗಂಗೋತ್ರಿಯಿಂದ ಗಂಗೆ ಕೆಳಗೆ ಹರಿಯಬೇಕು ತಾನೆ?

ಈಗಿನ ಅಧ್ಯಾಪಕರ ಕಷ್ಟ ನನಗೆ ತಿಳಿಯದ್ದಲ್ಲ. ನನ್ನ ಶಿಷ್ಯರೇ ಹಲವರು ನಿಮ್ಮಲ್ಲಿ ಪಾಠ ಮಾಡುತ್ತಾರೆ. ಬಡ್ತಿಗೆ ವಿಶ್ವವಿದ್ಯಾನಿಲಯ ಅನುದಾನ ಆಯೋಗ (ಯುಜಿಸಿ) ಸಂಶೋಧನಾ ಅಂಕ ಕೇಳುತ್ತದೆ, ಅಂಕಕ್ಕೆ ನಿಯತಕಾಲಿಕದ ಲೇಖನ ಬೇಕು, ಮದ್ದೂರಿನ ರೈತರ ಮುಂದೆ ಒಂದು ಸಂಜೆ ಮಾತನಾಡಿದ್ದನ್ನು ಎಣಿಸುವ ಕಲಂ ಯಾರ ಕಣ್ಣಿಗೂ ಬೀಳುವುದಿಲ್ಲ. ಪಠ್ಯಕ್ರಮದ್ದು ಇನ್ನೊಂದು ಪಾಡು. 2021–22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಎಂದು ಪದವಿ ತರಗತಿಗಳನ್ನು ಬದಲಾಯಿಸಿದಿರಿ, 2024–25ರಲ್ಲಿ ಮತ್ತೆ ಮೂರು ವರ್ಷದ ಪದವಿಗೆ ಮರಳಿದಿರಿ. ಅಧ್ಯಯನ ಮಂಡಳಿಗಳು ಪಠ್ಯ ಬರೆಯುವಷ್ಟರಲ್ಲಿ ಹಿಂದಿನ ಪಠ್ಯ ರದ್ದಾಗಿರುತ್ತದೆ. ಹೊಸ ವಿಶ್ವವಿದ್ಯಾನಿಲಯಗಳಿಗಂತೂ ಉಳಿಯುತ್ತೇವೆಯೋ ವಿಲೀನವಾಗುತ್ತೇವೆಯೋ ಎಂಬುದೇ ಚಿಂತೆ. ಖಾಲಿ ಹುದ್ದೆಗಳನ್ನು ತುಂಬುವುದು ಕುಲಪತಿಗಳೊಬ್ಬರ ಕೈಯಲ್ಲಿ ಇಲ್ಲ, ಆ ಪತ್ರವನ್ನು ವಿಧಾನಸೌಧಕ್ಕೆ ಬರೆಯಬೇಕು. ಆದ್ದರಿಂದ ಹಣ ಬೇಡದ, ಹೊಸ ಹುದ್ದೆ ಬೇಡದ ಸಂಗತಿಗಳನ್ನು ಮಾತ್ರ ಕೇಳುತ್ತೇನೆ.

ಮೊದಲು ಆ ಪಟ್ಟಿ. ಈ ವರ್ಷ ನಿಜವಾಗಿ ನಡೆಯುವ ಕೋರ್ಸುಗಳನ್ನು ಮಾತ್ರ, ಹೇಳಿಕೊಡುವವರ ಹೆಸರು ಮತ್ತು ವೇಳೆಯ ಜೊತೆಗೆ, ಪ್ರವೇಶಕ್ಕೆ ಮೊದಲೇ ಪ್ರಕಟಿಸಿ. ನಡೆಯದ್ದನ್ನು ತೆಗೆದುಬಿಡಿ. ಪಟ್ಟಿ ಅರ್ಧವಾದರೆ ಅವಮಾನವೆಂದು ಯಾರೂ ತಿಳಿಯುವುದಿಲ್ಲ, ಹಾಗೆ ಅರ್ಧವಾದ ಪಟ್ಟಿಯೇ ಖಾಲಿ ಹುದ್ದೆಗಳ ವಿಚಾರದಲ್ಲಿ ಸರ್ಕಾರದ ಮುಂದೆ ನಿಮ್ಮ ಬಲವಾದ ಅರ್ಜಿಯಾಗುತ್ತದೆ. ತುಂಬಿದ ಪಟ್ಟಿ ತೋರಿಸಿ ಅಧ್ಯಾಪಕರು ಸಾಲದು ಎಂದರೆ ಹಣಕಾಸು ಇಲಾಖೆ ನಂಬುವುದಾದರೂ ಹೇಗೆ? ಇದರ ಜೊತೆಗೆ ವಾರದಲ್ಲಿ ಎರಡು ಮಧ್ಯಾಹ್ನ ಯಾವ ವಿಭಾಗದಲ್ಲಿಯೂ ಕಡ್ಡಾಯ ತರಗತಿಯಾಗಲಿ ಪ್ರಯೋಗಾಲಯವಾಗಲಿ ಇರದಂತೆ ವೇಳಾಪಟ್ಟಿ ಮಾಡಿ. ಮುಕ್ತ ಆಯ್ಕೆಯ ತರಗತಿಗಳೆಲ್ಲ ಆ ಹೊತ್ತಿಗೆ ಬರಲಿ. ಮೂವತ್ತೊಂದು ವರ್ಷದಲ್ಲಿ ಹನ್ನೆರಡು ಬಾರಿ ಕಾಲೇಜಿನ ವೇಳಾಪಟ್ಟಿ ಹಾಕಿದವನಾಗಿ ಹೇಳುತ್ತೇನೆ, ಇದು ತಲೆನೋವಿನ ಕೆಲಸ, ಅಸಾಧ್ಯದ್ದಲ್ಲ. ಅಂಕ ಬೇಡ, ಹಿಂದಿನ ಬೆಂಚಿನಲ್ಲಿ ಕುಳಿತು ಕೇಳುತ್ತೇನೆ ಎನ್ನುವ ಬೇರೆ ವಿಭಾಗದ ವಿದ್ಯಾರ್ಥಿಯನ್ನು, ಊರಿನ ನನ್ನಂಥ ಮುದುಕನನ್ನು, ಒಳಗೆ ಬಿಡುವ ಒಂದು ಸುತ್ತೋಲೆಯನ್ನೂ ಹೊರಡಿಸಿ.

ಮೈಸೂರಿನ ಮಟ್ಟಿಗೆ ಇನ್ನೊಂದು ಮಾತು. ಆಹಾರ ತಂತ್ರಜ್ಞಾನದ ಸಿಎಫ್‌ಟಿಆರ್‌ಐ 1950ರಿಂದ, ವಾಕ್ ಶ್ರವಣ ಸಂಸ್ಥೆ 1965ರಿಂದ, ಭಾರತೀಯ ಭಾಷಾ ಸಂಸ್ಥಾನ 1969ರಿಂದ ಈ ಒಂದೇ ಊರಿನಲ್ಲಿವೆ. ಕನ್ನಡ ಎಂ.ಎ. ಓದುವ ಹುಡುಗ ವಾಕ್ ಶ್ರವಣ ಸಂಸ್ಥೆಯಲ್ಲಿ ಒಂದು ಸೆಮಿಸ್ಟರ್ ಮಾತಿನ ಧ್ವನಿಯ ಪಾಠ ಕೇಳಿದರೆ ಅವನ ವ್ಯಾಕರಣ ಹೊಸದಾಗಿ ಹೊಳೆಯುತ್ತದೆ. ಆಟೋದಲ್ಲಿ ಹೋಗುವಷ್ಟು ದೂರದಲ್ಲಿ ಇಂಥ ಭಂಡಾರಗಳನ್ನು ಇಟ್ಟುಕೊಂಡ ಊರು ಕರ್ನಾಟಕದಲ್ಲಿ ಬೆಂಗಳೂರು ಬಿಟ್ಟರೆ ಇನ್ನೊಂದಿಲ್ಲ.

ಎರಡನೆಯದು ಸಂಶೋಧನೆಯ ಸೂಚಿ. ಮಹಾಪ್ರಬಂಧದ ವಿದ್ಯುನ್ಮಾನ ಪ್ರತಿಯನ್ನು ಸಲ್ಲಿಸಬೇಕೆಂದು ಯುಜಿಸಿ 2009ರಿಂದಲೇ ನಿಯಮ ಮಾಡಿದೆ, ಶೋಧಗಂಗಾದಲ್ಲಿ ಅವು ಇವೆ, ಇನ್ನೇನು ಬೇಕು ಎಂದು ನೀವು ಕೇಳಬಹುದು. ಸಮುದ್ರದಲ್ಲಿ ನೀರಿದೆ ಎಂದರೆ ಬಾಯಾರಿದವನಿಗೆ ಏನಾಯಿತು? ವಿಭಾಗದ ಪ್ರಕಾರ, ಮಾರ್ಗದರ್ಶಕರ ಪ್ರಕಾರ ಜೋಡಿಸಿದ ಪಟ್ಟಿ ಒಳಗಿನವರಿಗೆ ಮಾತ್ರ ಅರ್ಥವಾಗುತ್ತದೆ. ನಾನು ಕೇಳುವುದು ತಾಲ್ಲೂಕಿನ ಪ್ರಕಾರ ಜೋಡಿಸಿದ ಸೂಚಿ. ಮದ್ದೂರು ಎಂದು ತೆರೆದರೆ ಆ ತಾಲ್ಲೂಕಿನ ಮಣ್ಣು, ಕೆರೆ, ಶಾಸನ, ಜಾತ್ರೆ, ಸಹಕಾರ ಸಂಘ, ಆಡುನುಡಿ, ರೋಗರುಜಿನ ಎಲ್ಲದರ ಮೇಲೆ ಯಾವ ವಿಭಾಗದಲ್ಲಿ ಯಾರು ಏನು ಮಾಡಿದ್ದಾರೆ, ಈಗ ಯಾರು ಮಾಡುತ್ತಿದ್ದಾರೆ ಎಂಬುದು ಒಂದೇ ಕಡೆ, ಕನ್ನಡದಲ್ಲಿ ಸಿಗಬೇಕು. ಪ್ರತಿ ಪ್ರಬಂಧಕ್ಕೂ ಒಂದು ಪುಟದ ಕನ್ನಡ ಸಾರಾಂಶವನ್ನು ಬರೆದವರಿಂದಲೇ ಬರೆಯಿಸಿ, ಅದು ಇಲ್ಲದೆ ಮೌಖಿಕ ಪರೀಕ್ಷೆ ನಡೆಸಬೇಡಿ. ಒಂದು ಪ್ರತಿಯನ್ನು ಅಧ್ಯಯನ ನಡೆದ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ಕಳುಹಿಸಿ. ಕನ್ನಡದಲ್ಲಿ ಒಂದು ಪುಟ ಬರೆಯಲಾಗದಷ್ಟು ಜಟಿಲವಾದ ಸಂಶೋಧನೆ ಇರಬಹುದು. ಹಾಗಿದ್ದರೆ ಅದು ಬರೆದವರಿಗೂ ಪೂರ್ತಿ ತಿಳಿದಿಲ್ಲ ಎಂಬ ಅನುಮಾನ ನನ್ನದು. ಹದಿನಾರು ವರ್ಷದ ಹಳ್ಳಿಯ ಮಕ್ಕಳಿಗೆ ಕನ್ನಡದಲ್ಲಿಯೇ ಅಣುಬಂಧ ವಿವರಿಸಿದ ಅಹಂಕಾರದಿಂದ ಈ ಮಾತು ಹೇಳುತ್ತಿದ್ದೇನೆ, ಕ್ಷಮಿಸಿ.

ಜನ ಓದುತ್ತಾರೆಯೇ ಎಂದು ಒಬ್ಬ ಪ್ರಾಧ್ಯಾಪಕ ಮಿತ್ರರು ಕೇಳಿದರು. ಅವರಿಗೆ ನಾನು ಕಬ್ಬಿನ ಉದಾಹರಣೆ ಕೊಟ್ಟೆ. 62175 ಎಂಬ ಸಂಖ್ಯೆ ನಮ್ಮ ಸೀಮೆಯ ಹಳೆಯ ರೈತರಿಗೆ ಮಕ್ಕಳ ಜನ್ಮದಿನಕ್ಕಿಂತ ಚೆನ್ನಾಗಿ ನೆನಪಿದೆ. ಅದು ಕೊಯಮತ್ತೂರಿನ ಕಬ್ಬು ತಳಿ ಸಂಶೋಧನೆಯಿಂದ ಬಂದ ತಳಿ. ಅದರ ಬೆಲ್ಲದ ಬಣ್ಣ, ಕೂಳೆ ಬೆಳೆಯ ಇಳುವರಿ, ಯಾವ ನೆಲಕ್ಕೆ ಒಗ್ಗುತ್ತದೆ ಎಂಬುದನ್ನೆಲ್ಲ ಭಾವ ಒಂದು ವಿಚಾರ ಸಂಕಿರಣದಷ್ಟು ಹೊತ್ತು ಹೇಳಬಲ್ಲರು. ಪ್ರಯೋಜನಕ್ಕೆ ಬರುವ ಸಂಶೋಧನೆಯನ್ನು ಸಂಖ್ಯೆಯ ಸಮೇತ ಬಾಯಿಪಾಠ ಮಾಡಿದ ಜನ ಇವರು.

ಎಲ್ಲ ಸಂಶೋಧನೆಯೂ ರೈತನ ಗದ್ದೆಗೆ ಇಳಿಯಲೇಬೇಕು ಎಂದು ನಾನು ವಾದಿಸುತ್ತಿಲ್ಲ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿಯನ್ನು ಗುರುತಿಸಿದ್ದು 1905ರಲ್ಲಿ. 1909ರಲ್ಲಿ ಅದನ್ನು ಅಚ್ಚು ಹಾಕಿಸಿದರು. ಅದರಿಂದ ಅಂದು ಯಾರ ಗದ್ದೆಗೂ ನೀರು ಹರಿಯಲಿಲ್ಲ, ಆದರೆ ಹಳೆಯ ಭಾರತದ ರಾಜ್ಯಾಡಳಿತವನ್ನು ಕುರಿತ ತಿಳಿವಳಿಕೆಯೇ ತಿರುಗಿಬಿತ್ತು. ಗಣಿತದವರು ತಮ್ಮ ಪಾಡಿಗೆ ತಾವು ಲೆಕ್ಕ ಮಾಡಲಿ, ಸಂಸ್ಕೃತದವರು ತಾಳೆಗರಿ ಓದಲಿ. ಅವರು ಏನು ಮಾಡುತ್ತಿದ್ದಾರೆ ಎಂಬುದು ಪಕ್ಕದ ಕೊಠಡಿಗೆ ತಿಳಿದಿರಲಿ ಎಂಬಷ್ಟೇ ನನ್ನ ಕೋರಿಕೆ. ಆ ತಾಳೆಗರಿಯನ್ನು ತಂಜಾವೂರಿನ ಕಡೆಯ ಪಂಡಿತರೊಬ್ಬರು ತಂದು ಕೊಟ್ಟಿದ್ದರು ಎಂಬುದನ್ನು ಮರೆಯಬೇಡಿ. ತಂದು ಕೊಡಬೇಕಾದರೆ, ಯಾರಿಗೆ ಕೊಡಬೇಕು ಎಂದು ಹೊರಗಿನವರಿಗೆ ಗೊತ್ತಿರಬೇಕು.

ಕಳೆದ ತಿಂಗಳು ಭಾವನ ಮನೆಗೆ ಮತ್ತೊಬ್ಬ ಹುಡುಗ ಬಂದಿದ್ದ. ನೀರಾವರಿ ಪ್ರದೇಶದ ರೈತರ ಆದಾಯ ಎಂದೇನೋ ವಿಷಯ. ನಾನೂ ಅಲ್ಲಿಯೇ ಇದ್ದೆ. ಭಾವ ಮೂವತ್ತೆಂಟು ಪ್ರಶ್ನೆಗಳಿಗೆ ತಾಳ್ಮೆಯಿಂದ ಉತ್ತರ ಹೇಳಿದರು. ಮೂವತ್ತೊಂಬತ್ತನೆಯದಕ್ಕೆ ಮೊದಲು, "ಹೋದ ವರ್ಷ ಇದೇ ಜಗುಲಿಯ ಮೇಲೆ ಕುಳಿತು ಒಬ್ಬಳು ಹುಡುಗಿ ಬರೆದುಕೊಂಡು ಹೋದಳಲ್ಲಪ್ಪ, ಅವಳಿಗೆ ಏನು ಗೊತ್ತಾಯಿತಂತೆ?" ಎಂದು ಕೇಳಿದರು. ಹುಡುಗ ಪೆನ್ನು ಮುಚ್ಚಿ, ಆಕೆ ಬೇರೆ ವಿಭಾಗದವರಿರಬೇಕು ಎಂದ. ಒಳ್ಳೆಯ ಹುಡುಗ. ಪ್ರಶ್ನಾವಳಿಯ ಹಿಂಬದಿಯನ್ನು ತಿರುಗಿಸಿ, "ನಿಮ್ಮ ಪ್ರಶ್ನೆ ಏನಾದರೂ ಇದ್ದರೆ ಹೇಳಿ, ಬರೆದುಕೊಳ್ಳುತ್ತೇನೆ" ಎಂದ. ಕೆಳಗಿನ ಗದ್ದೆಯವನು ಒಪ್ಪದಿದ್ದರೆ ಬಸಿಗಾಲುವೆಯನ್ನು ಎಲ್ಲಿಂದ ತೆಗೆಯುವುದು ಎಂದು ಭಾವ ಬರೆಯಿಸಿದರು.

ಆ ಹಾಳೆ ಈಗ ನಿಮ್ಮ ಆವರಣದ ಯಾವುದೋ ಒಂದು ವಿಭಾಗದಲ್ಲಿದೆ. ದಯವಿಟ್ಟು ಹುಡುಕಿಸಿ.

ಇಂತಿ ನಿಮ್ಮ ವಿಶ್ವಾಸಿ,
ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ, ಮಂಡ್ಯ